ದಮಯಂತಿಗೆ ಒಂದು ಡಬ್ಬಿ ಚಿಗಳಿ

ಸಿದ್ದಾಪುರ
೧೮-೨-೧೯೬೨, ಭಾನುವಾರ

ನನ್ನ ದಮಯಂತಿಗೆ,

ನಿನ್ನ ವನಜಳ ಪ್ರೀತಿಯ ನೆನಪುಗಳು. ಇಲ್ಲಿ ನಾನು, ನಮ್ಮವರು, ಮೂರೂವರೆ ವರ್ಷದ ಮಗಳು ಚಿನ್ನ ಮೂವರೂ ಚೆನ್ನಾಗಿದ್ದೇವೆ. ಚೇರಂಬಾಣೆಯಲ್ಲಿ ನೀನೂ, ನಾಣಯ್ಯನವರೂ, ನಿನ್ನ ಅತ್ತೆ ಪೂವಮ್ಮನವರೂ ಹಾಗೆಯೇ ಇದ್ದೀರಿ ಎಂದುಕೊಂಡು ಬರೆಯುತ್ತಿದ್ದೇನೆ. ಕಾಗದ ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ ಎಂದು ಎಲ್ಲರೂ ಬರೆಯುತ್ತಾರೆ. ಒಂದೋ ಎರಡೋ ತಿಂಗಳು ತಡ ಮಾಡಿದವರಿಗೆ ಆ ಮಾತು ಸರಿ. ಆರು ವರ್ಷ ತಡ ಮಾಡಿದವಳು ಏನು ಬರೆಯಬೇಕೋ ನನಗಂತೂ ತಿಳಿಯದು. ಬೈಯುವುದಿದ್ದರೆ ಬಾಯಿತುಂಬ ಬೈದುಬಿಡು, ಆದರೆ ಕಾಗದ ಪೂರ್ತಿ ಓದು. ಮಡಿಕೇರಿಯ ಹಾಸ್ಟೆಲಿನಲ್ಲಿ ನಾನು ಮಾತು ಶುರು ಮಾಡಿದರೆ ಅರ್ಧದಲ್ಲೇ ಗೊರಕೆ ಹೊಡೆಯುತ್ತಿದ್ದೆಯಲ್ಲ, ಹಾಗೆ ಮಾಡಬೇಡ ಮಾರಾಯ್ತಿ.

ಮೊನ್ನೆ ಬುಧವಾರ ವಿರಾಜಪೇಟೆ ಬಸ್ ಸ್ಟ್ಯಾಂಡಿನಲ್ಲಿ ನಿನ್ನ ಅಣ್ಣ ಪದ್ಮಯ್ಯನವರು ಸಿಕ್ಕಿದರು. ನೋಡಿಯೂ ನೋಡದ ಹಾಗೆ ಹೋಗುತ್ತಾರೇನೋ ಎಂದುಕೊಂಡೆ. ಇಲ್ಲ, ಹತ್ತಿರ ಬಂದು ನಿಂತರು. ಏನೂ ಪೀಠಿಕೆ ಹಾಕದೆ "ದಮಯಂತಿಗೆ ಐದ್ ತಿಂಗ" ಅಂದುಬಿಟ್ಟರು. ನನ್ನ ಕೈಯಲ್ಲಿ ಹುಚ್ಚೆಳ್ಳಿನ ಚೀಲವಿತ್ತು. ಅದು ಯಾವಾಗ ಕೈಬಿಟ್ಟಿತೋ ಗೊತ್ತಿಲ್ಲ, ಎರಡು ಸೇರು ಹುಚ್ಚೆಳ್ಳು ಬಸ್ ಸ್ಟ್ಯಾಂಡಿನ ತುಂಬಾ ಚೆಲ್ಲಿತು. ಬಸ್ಸು ಹತ್ತುವವರೆಲ್ಲ ನನ್ನನ್ನು ಬಳಸಿಕೊಂಡು ಹೋಗುತ್ತಿದ್ದರು, ನಾನು ಮಧ್ಯದಲ್ಲಿ ಕೂತು ನಗುತ್ತಾ ಅಳುತ್ತಾ ಕಾಳು ಬಳಿಯುತ್ತಿದ್ದೆ. ಪಾಪ, ನಿನ್ನಣ್ಣ ಪಂಚೆ ಎತ್ತಿಕಟ್ಟಿ ನನ್ನ ಜೊತೆ ಕೂತು ಬಳಿದರು. ಕಂಡಕ್ಟರು ನಮ್ಮಿಬ್ಬರನ್ನೂ ನೋಡಿ ತಲೆ ಚಚ್ಚಿಕೊಂಡ.

ಅಲ್ಲಿ ಕೂತೇ ಅವರು ಮಿಕ್ಕದ್ದನ್ನು ಹೇಳಿದ್ದು. "ಅವ್ಳ್‌ಗೆ ಮೈಯ್ಲಿ ರಕ್ತವೇ ಇಲ್ಲೆ. ನಾಲ್ಕ್ ಮೆಟ್ಲು ಹತ್ತಿರೆ ಉಸ್ರು ಕಟ್ಟಿದೆ. ಅತ್ತೆ ಗಂಜಿ, ಉಪ್ಪಿನಕಾಯಿ ಬಿಟ್ಟ್ ಬೇರೆಂತದೂ ಕೊಡ್ದುಲೆ. ಎಣ್ಣೆ ಬರುವ ಕಾಳ್ ಯಾವ್ದೂ ಆ ಮನೆ ಒಳಗೆ ಬಾಕೆ ಇಲ್ಲೆ" ಎಂದರು. ಎಳ್ಳು ಹೋಗಲಿ, ಕಡಲೆಕಾಯಿ, ಕೊಬ್ಬರಿ ಕೂಡ ಬಂದ್ ಅಂತೆ. ಬಸ್ಸಿನಲ್ಲಿ ಸಿದ್ದಾಪುರಕ್ಕೆ ಬರುವಷ್ಟರಲ್ಲಿ ನಾನು ತೀರ್ಮಾನ ಮಾಡಿಬಿಟ್ಟಿದ್ದೆ. ಈ ಕಾಗದದ ಜೊತೆ ಒಂದು ಡಬ್ಬಿ ಬಂದಿದೆ, ನೋಡಿದೆಯಾ? ಅದರಲ್ಲಿ ಚಿಗಳಿ ಇದೆ. ಹೌದು, ಅದೇ ಚಿಗಳಿ, ಕರಿಎಳ್ಳು ಬೆಲ್ಲ ಕುಟ್ಟಿ ಮಾಡುವ ನಮ್ಮ ಕಡೆಯ ಉಂಡೆ. ನೀನು ಅದನ್ನು ದಿನಕ್ಕೆ ಎರಡರಂತೆ ತಿನ್ನಬೇಕು. ನಾನು ಕೇಳುವುದು ಇಷ್ಟೇ. ಈ ಒಂದನ್ನು ಕೇಳಲು ಎಷ್ಟು ಪುಟ ಬರೆಯಬೇಕಾಗುತ್ತದೋ ಅಷ್ಟೂ ಬರೆಯುತ್ತೇನೆ, ಶಾಯಿ ಬೇಕಾದಷ್ಟಿದೆ.

ಡಬ್ಬಿಯನ್ನು ಈಗಲೇ ದನದ ಹಟ್ಟಿಯ ಹಿಂದೆ ಎಸೆಯಬೇಡ. ನಾನು ಈಗ ಸುಮ್ಮನೆ ಎಸ್ಟೇಟ್ ರೈಟರ್ ಕೆಂಪಣ್ಣನ ಹೆಂಡತಿ ಅಲ್ಲ. ಎರಡು ವರ್ಷದಿಂದ ಗ್ರಾಮಸೇವಿಕೆ! ಬ್ಲಾಕ್ ಆಫೀಸಿನವರು ಕೊಟ್ಟ ಸೈಕಲ್ ಇದೆ, ಹತ್ತಲು ಬರುತ್ತದೆ, ಇಳಿಯಲು ಮಾತ್ರ ಯಾರಾದರೂ ಹಿಡಿಯಬೇಕು. ಕೆಲಸಕ್ಕೆ ಸೇರಿಸಿಕೊಂಡ ಮೇಲೆ ಮೈಸೂರಿನ ಕಡೆ ತರಬೇತಿಗೆ ಕಳಿಸಿದ್ದರು. ಅಲ್ಲಿ ಒಬ್ಬ ಡಾಕ್ಟರಮ್ಮ ಪಾಠ ಮಾಡಲು ಬರುತ್ತಿದ್ದರು, ಬಿಳಿ ಸೀರೆ, ದಪ್ಪ ಕನ್ನಡಕ, ದೊಡ್ಡ ಗಂಟಲು. ಮೊದಲ ದಿನವೇ ಮೇಜಿನ ಮೇಲೆ ಏಳು ಸೀಸೆ ಸಾಲಾಗಿ ಇಟ್ಟರು. ಎಳ್ಳು, ಹುಚ್ಚೆಳ್ಳು, ಕಡಲೆಕಾಯಿ, ಸಾಸಿವೆ, ಅಗಸೆ, ಕುಸುಬೆ, ಹರಳು. "ಇದರಲ್ಲಿ ಔಷಧಿ ಯಾವುದು, ಊಟ ಯಾವುದು?" ಎಂದು ಕೇಳಿದರು. ದಿನಾ ಒಗ್ಗರಣೆ ಹಾಕುವ ಸಾಸಿವೆ ಬಿಟ್ಟರೆ ಉಳಿದದ್ದರ ಬಗ್ಗೆ ಹತ್ತು ಊರಿನ ಹೆಂಗಸರಿಗೆ ಗೊತ್ತಿದ್ದದ್ದೆಲ್ಲ ಯಾವಾಗ ತಿನ್ನಬಾರದು ಎಂಬುದು ಮಾತ್ರ.

ಆಮೇಲೆ ನೋಡು, ಅವರು ಒಂದೊಂದೇ ಸೀಸೆ ಎತ್ತಿ ಹೇಳುತ್ತಾ ಹೋದರು, ನನಗೆ ಕೂತಲ್ಲಿ ಕೂರಲಾಗಲಿಲ್ಲ. ಎಳ್ಳಿನಲ್ಲಿ ಮೂಳೆಗೆ ಬೇಕಾದ ಸುಣ್ಣದ ಅಂಶ ಇದೆ, ತೂಕಕ್ಕೆ ತೂಕ ಹಾಕಿದರೆ ಹಾಲಿಗಿಂತ ಹೆಚ್ಚು. ರಕ್ತಕ್ಕೆ ಬೇಕಾದ ಕಬ್ಬಿಣವೂ ಇದೆ. ಕಡಲೆಕಾಯಿ ಒಂದು ಹಿಡಿ ತಿಂದರೆ ಮೈ ಕಟ್ಟುವ ಸತ್ವ ಸಿಗುತ್ತದೆ, ಮಾಂಸ ತಿನ್ನದ ಮನೆಯಲ್ಲಿ ಅದೇ ದೊಡ್ಡ ಆಸರೆ. ಹುಚ್ಚೆಳ್ಳನ್ನು ಹುರಿದು ಒಣಮೆಣಸಿನಕಾಯಿ, ಉಪ್ಪು ಹಾಕಿ ಪುಡಿ ಮಾಡಿಟ್ಟರೆ ಬರೀ ಅನ್ನವೂ ಊಟವಾಗುತ್ತದೆ. ಹರಳೆಣ್ಣೆ ಮಾತ್ರ ತಲೆಗೆ, ಕಾಲಿಗೆ, ಕೀಲಿಗೆ. ಬಸುರಿಯರು ಅದನ್ನು ಕುಡಿಯಬಾರದು ಎಂದು ಎರಡು ಸಲ ಹೇಳಿದರು. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯೂ ದಂಡವಲ್ಲ, ಕಡಲೆಕಾಯಿ ಹಿಂಡಿ ಹಸುವಿಗೆ, ಹರಳು ಹಿಂಡಿ ಗಿಡದ ಬುಡಕ್ಕೆ.

ನಾನು ಎದ್ದು ನಿಂತು ಕೇಳಿದೆ. "ಬಸುರಿಯರು ಎಳ್ಳು ತಿಂದರೆ ಬಸಿರು ಇಳಿಯುತ್ತದೆ ಅನ್ನುತ್ತಾರಲ್ಲ, ನಾಲ್ಕು ಉಂಡೆ ತಿಂದರೆ ಇಳಿಯುತ್ತದಾ?" ಡಾಕ್ಟರಮ್ಮ ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಊಟದ ಹಾಗೆ ತಿಂದ ಎಳ್ಳಿನಿಂದ ಮಗು ಹೋದದ್ದನ್ನು ನನ್ನ ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಕಂಡಿಲ್ಲ. ರಕ್ತ ಇಲ್ಲದೆ ಹೆರಿಗೆಯಲ್ಲಿ ಸತ್ತ ತಾಯಂದಿರನ್ನು ಕಂಡಿದ್ದೇನೆ, ಲೆಕ್ಕ ಇಟ್ಟಿಲ್ಲ. ಮೊದಲ ಮೂರು ತಿಂಗಳಲ್ಲಿ ಎಷ್ಟೋ ಬಸಿರು ತಾನಾಗಿಯೇ ನಿಲ್ಲುವುದಿಲ್ಲ ಕಣಮ್ಮ. ಯಾಕೆ ಅಂತ ನಮಗೂ ಎಲ್ಲ ಸಲ ಗೊತ್ತಾಗುವುದಿಲ್ಲ. ಗೊತ್ತಾಗದೆ ಇದ್ದಾಗ ಜನ ಹಿಂದಿನ ದಿನ ತಿಂದದ್ದನ್ನು ಹಿಡಿದುಕೊಳ್ಳುತ್ತಾರೆ" ಅಂದರು. ದಮಯಂತಿ, ಆ ಹೊತ್ತಿನಲ್ಲಿ ನಿನ್ನ ಹತ್ತಿರಕ್ಕೆ ಓಡಿಬರಬೇಕು ಅನ್ನಿಸಿತು. ಬರಲಿಲ್ಲ. ಒಬ್ಬ ಡಾಕ್ಟರಮ್ಮನ ಮಾತು ಹಿಡಿದುಕೊಂಡು ಯಾವ ಮುಖದಲ್ಲಿ ಬರಲಿ?

ಈಗ ನಿನಗೆ ಸೋಮಿಯ ಕಥೆ ಹೇಳಬೇಕು. ಅವಳು ನಮ್ಮವರು ಕೆಲಸ ಮಾಡುವ ತೋಟದ ಕೂಲಿ ಲೈನಿನಲ್ಲಿರುವ ಹುಡುಗಿ, ಕಾಫಿ ಪಿಕ್ಕಿಂಗಿನಲ್ಲಿ ಎಲ್ಲರಿಗಿಂತ ಚುರುಕು. ಹೋದ ಮಳೆಗಾಲ ಮುಗಿಯುವಾಗ ಅವಳಿಗೆ ಆರು ತಿಂಗಳು. ಕಣ್ಣಿನ ಒಳರೆಪ್ಪೆ ಎಳೆದು ನೋಡಿದರೆ ಕಾಗದದ ಹಾಗೆ ಬೆಳ್ಳಗೆ. ನಾನು ಒರಳು, ಒನಕೆ, ಹುರಿಯುವ ಬಾಂಡಲೆ ಎಲ್ಲ ಹೊರಿಸಿಕೊಂಡು ಲೈನಿನ ಮುಂದೆ ಪ್ರಾತ್ಯಕ್ಷಿಕೆಗೆ ಕೂತೆ. ಪಿರಿಯಾಪಟ್ಟಣದ ಸಂತೆಯಿಂದ ತರಿಸಿದ ಹೊಸ ಎಳ್ಳು, ಹುರಿಯುವಾಗ ಚಟಚಟ ಅಂತ ಆಹಾ ಎಂಥ ಘಮ! ಹೆಂಗಸರೆಲ್ಲ ಸುತ್ತ ಸೇರಿದರು. ಉಂಡೆ ಕಟ್ಟಿ "ಸೋಮಿ, ಬಾ" ಎಂದು ಕೈಚಾಚಿದೆ ನೋಡು, ಎಲ್ಲರೂ ಒಂದು ಹೆಜ್ಜೆ ಹಿಂದೆ. "ಅಯ್ಯೋ ರೊಂಬ ಸೂಡು ಅಮ್ಮಾ" ಎಂದಳು ತಮಿಳಿನವಳೊಬ್ಬಳು, ತುಂಬಾ ಉಷ್ಣವಂತೆ. "ಸತ್ತವರಿಗೆ ಬಲಿ ಇಡ್ಲಿಕ್ಕೆ ಅಲ್ವಾ ಎಳ್ಳು?" ಎಂದಳು ಕೇರಳದಿಂದ ಬಂದ ಇನ್ನೊಬ್ಬಳು. "ಎಳ್ಳು ಕೈಯಿಂದ ಕೈಗೆ ಕೊಟ್ಟರೆ ಜಗಳ ಆಗ್ತದೆ" ಎಂದಿತು ಹಿಂದಿನಿಂದ ಒಂದು ಧ್ವನಿ. ಮೂರು ಭಾಷೆಯಲ್ಲಿ ಒಂದೇ ಹೆದರಿಕೆ ಮಾರಾಯ್ತಿ! ಬೇರೆ ಯಾವ ವಿಷಯದಲ್ಲೂ ಆ ಲೈನಿನಲ್ಲಿ ಅಷ್ಟು ಒಮ್ಮತ ನಾನು ಕಂಡಿಲ್ಲ.

ನನ್ನ ಕೈ ಹಾಗೆಯೇ ಚಾಚಿಕೊಂಡಿತ್ತು. ನಿಜ ಹೇಳುತ್ತೇನೆ, ಆ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುವುದರಲ್ಲಿದ್ದೆ. ಅಷ್ಟರಲ್ಲಿ ಮಹಿಳಾ ಸಮಾಜದ ತಂಗಮ್ಮನವರು ಮುಂದೆ ಬಂದರು. ಕೊಡವರ ಹಿರಿಯ ಹೆಂಗಸು, ನನ್ನ ಪ್ರಾತ್ಯಕ್ಷಿಕೆಗೆಲ್ಲ ಅವರೇ ಅಧ್ಯಕ್ಷರು. "ಎಂತ ಹೆದ್ರಿಕೆ ನಿಮ್ಗೆಲ್ಲ? ನಮ್ಮಲ್ಲಿ ಎಳ್ಳು ಪಜ್ಜಿ ಅರೆಯದ ಮನೆ ಉಂಟಾ? ನಂಗೆ ಐದು ಮಕ್ಕಳು. ಐದು ಸಲವೂ ಆ ಚಟ್ನಿ ತಿಂದೇ ಹೆತ್ತದ್ದು. ದೊಡ್ಡವ ಮಿಲಿಟ್ರಿ ಪಟಾಲಮ್ಮಿನಲ್ಲಿ ಇದ್ದಾನೆ, ಬೇಕಾದ್ರೆ ಕಾಗದ ಬರ್ದು ಕೇಳಿ, ನೀನು ಹುಟ್ಟಿದ್ದೀಯಾ ಇಲ್ವಾ ಅಂತ" ಅಂದರು. ಎಲ್ಲರೂ ಹೋ ಎಂದು ನಕ್ಕರು. ತಂಗಮ್ಮನವರು ನನ್ನ ಕೈಯ ಉಂಡೆ ತೆಗೆದು ಅರ್ಧ ತಾವು ತಿಂದು ಅರ್ಧ ಸೋಮಿಯ ಬಾಯಿಗೆ ಇಟ್ಟರು. ಸೋಮಿ ಅಗಿದು ನುಂಗಿ, "ಬೆಲ್ಲ ಸ್ವಲ್ಪ ಕಮ್ಮಿ" ಅಂದಳು.

ಮೂರು ತಿಂಗಳು, ದಿನಕ್ಕೆ ಎರಡು ಚಿಗಳಿ, ಒಂದು ಹಿಡಿ ಕಡಲೆಕಾಯಿ. ಆಸ್ಪತ್ರೆಯ ಕಬ್ಬಿಣದ ಮಾತ್ರೆಯೂ ಕೊಡಿಸಿದೆ, ಎಲ್ಲ ಎಳ್ಳಿನದೇ ಪ್ರತಾಪ ಎಂದು ನಾನು ಸುಳ್ಳು ಹೇಳುವುದಿಲ್ಲ. ಅವಳಿಗೆ ಒಂದು ಸಣ್ಣ ಹೊಟ್ಟೆನೋವು ಎಂದರೂ ನಾನು ಕೂಡಲೇ ಲೈನಿಗೆ ಓಡುತ್ತಿದ್ದೆ. ನಮ್ಮವರು "ಅಯ್ಯೋ ಸುಮ್ಕಿರಮ್ಮಿ, ಬಸ್ರಿ ಅವ್ಳೋ ನೀನೋ" ಎಂದು ನಗುತ್ತಿದ್ದರು. ಅವರಿಗೇನು ಗೊತ್ತು, ನಾನು ಸೋಮಿಯ ಮುಖದಲ್ಲಿ ಯಾರನ್ನು ನೋಡುತ್ತಿದ್ದೆ ಅಂತ. ಡಿಸೆಂಬರ್ ಕೊನೆಯಲ್ಲಿ ಹೆರಿಗೆಯಾಯಿತು. ಹೆಣ್ಣು! ಮಗು ತೂಗಲು ಬೇರೆ ತಕ್ಕಡಿ ಇರಲಿಲ್ಲ, ಮೆಣಸು ತೂಗುವ ತಕ್ಕಡಿಗೆ ಬಟ್ಟೆ ಹಾಸಿ ಮಲಗಿಸಿದೆವು. ಆರೂಮುಕ್ಕಾಲು ರಾತ್ಲು, ಹೊಸ ಲೆಕ್ಕದಲ್ಲಿ ಮೂರು ಕಿಲೋ! ನಮ್ಮವರು ರೈಟರ್ ಗತ್ತಿನಲ್ಲಿ ತೂಕ ಕೂಗಿ ಹೇಳಿದರು, ಸಾಲಿನಲ್ಲಿ ನಿಂತಿದ್ದ ಹೆಂಗಸರೆಲ್ಲ ಕೈತಟ್ಟಿದರು. ಮಗು ತಕ್ಕಡಿಯಲ್ಲೇ ಒದ್ದೆ ಮಾಡಿತು, ಅದಕ್ಕೂ ಕೈತಟ್ಟಿದರು. ಈಗ ಲೈನಿನಲ್ಲಿ ಬಸುರಿಯಾದವರು ತಾವೇ ಬಂದು "ಅಮ್ಮಾ, ಆ ಕಪ್ಪು ಉಂಡೆ ಕೊಡ್ತೀರಾ" ಎಂದು ಕೇಳುತ್ತಾರೆ. ಪೊನ್ನಂಪೇಟೆಯಲ್ಲಿ ಬರುವ ತಿಂಗಳು ವಸ್ತುಪ್ರದರ್ಶನ ಇದೆ, ನನ್ನ ಏಳು ಸೀಸೆಗೂ ಒಂದು ಮೇಜು ಕೊಡುತ್ತಾರಂತೆ. ಅಲ್ಲಿ ಇಡಲು ಹೆಸರು ಬರೆದ ಚೀಟಿಗಳನ್ನು ನಿನ್ನೆಯೆಲ್ಲ ಅಂಟಿಸಿದೆ, ಚಿನ್ನ ಅರ್ಧ ಗೋಂದು ತನ್ನ ತಲೆಗೆ ಹಚ್ಚಿಕೊಂಡಳು.

ಇಷ್ಟೆಲ್ಲ ಹೇಳಿ ಆ ದಿನದ ಮಾತು ಎತ್ತದೆ ಹೋದರೆ ನಾನು ಮೋಸಗಾತಿ. ಐವತ್ತಾರನೇ ಇಸವಿಯ ಸಂಕ್ರಾಂತಿ. ಕೊಡಗು ಇನ್ನೂ ಮೈಸೂರಿಗೆ ಸೇರಿರಲಿಲ್ಲ. ನನ್ನ ಮದುವೆಯಾದ ಮೊದಲ ವರ್ಷ, ನಮ್ಮ ಹಾಸನದ ಕಡೆಯವರಲ್ಲಿ ಹೊಸ ಮದುವಣಗಿತ್ತಿ ಎಳ್ಳು ಬೀರಲೇಬೇಕು. ಕುಶಾಲನಗರದ ಅಮ್ಮನ ಮನೆಯಲ್ಲಿ ಹಬ್ಬ ಮುಗಿಸಿ, ಇಡೀ ಕೊಡಗಿನಲ್ಲಿ ನನ್ನ ಮೊದಲ ಎಳ್ಳು ನಿನಗೇ ಕೊಡಬೇಕು ಎಂದು ಎರಡು ಬಸ್ಸು ಬದಲಾಯಿಸಿ ಚೇರಂಬಾಣೆಗೆ ಬಂದೆ. ನಿಮ್ಮಲ್ಲಿ ಆ ಪದ್ಧತಿ ಇಲ್ಲ, ನೀನು ಬೆರಗಾಗಿ ನೋಡಿದೆ. ಅತ್ತೆ ಹಟ್ಟಿಯಲ್ಲಿದ್ದರು. ನಾವಿಬ್ಬರೂ ಚಾಪೆ ಹಾಕಿಕೊಂಡು ಕೂತೆವು. ನೀನು ನಾಲ್ಕು ಚಿಗಳಿ ತಿಂದೆ, ನಾನೇ ಬಲವಂತ ಮಾಡಿ ನಾಲ್ಕನೆಯದನ್ನು ಬಾಯಿಗಿಟ್ಟೆ. ಬಸುರಿಗೆ ಎಳ್ಳು ಕೊಡಬಾರದು ಎಂದು ನಮ್ಮ ಕಡೆಯಲ್ಲೂ ಹೇಳುತ್ತಾರೆ, ಅದು ನನಗೆ ಗೊತ್ತಿತ್ತು. ನೀನು ಬಸುರಿ ಎಂದು ಮಾತ್ರ ಗೊತ್ತಿರಲಿಲ್ಲ. ನೀನು ಹೇಳಲಿಲ್ಲ. ನನ್ನ ಮೇಲಿನ ಪ್ರೀತಿಗೆ ತಿಂದೆಯೋ, ನಾಚಿಕೆಗೆ ತಿಂದೆಯೋ ಇವತ್ತಿಗೂ ತಿಳಿಯದು.

ಒಂಬತ್ತು ದಿನದ ಮೇಲೆ ನಿನ್ನ ಬಸಿರು ಹೋಯಿತೆಂಬ ಸುದ್ದಿ ಕೇಳಿ ಓಡಿಬಂದೆ. ಪೂವಮ್ಮನವರು ಅಂಗಳದಲ್ಲೇ ನಿಲ್ಲಿಸಿದರು. "ಬಸ್ರಿ ಹೆಣ್ಣ್‌ಗೆ ಎಳ್ಳ್ ತಿನ್ಸಿದವ್ಳ್ ನೀನ್. ಎಳ್ಳ್ ನೀರ್ ಬಿಡ್ದು ಸತ್ತವ್ಕೆ. ಇನ್ನ್ ಈ ಮನೆಗೆ ನೀ ಬರ್ದು ಬೇಡ" ಅಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರೂ ಮೊಮ್ಮಗುವನ್ನು ಕಳೆದುಕೊಂಡಿದ್ದರು. ಆದರೆ ಒಳಗೆ ಮಲಗಿದ್ದ ನೀನು ಕಿಟಕಿಯಿಂದ ನನ್ನನ್ನು ನೋಡಿ ಮುಖ ಆ ಕಡೆ ತಿರುಗಿಸಿದೆಯಲ್ಲ, ಅದು ನನಗೆ ಬಹಳ ನೋವಾಯಿತು ದಮಯಂತಿ. ಅದೇ ವರ್ಷ ನವೆಂಬರಿನಲ್ಲಿ ಕೊಡಗು ಮೈಸೂರು ಎಲ್ಲ ಒಂದೇ ರಾಜ್ಯ ಆಯಿತು, ಬ್ಯಾಂಡು ಬಾರಿಸಿದರು, ಮಿಠಾಯಿ ಹಂಚಿದರು. ನೀನೂ ನಾನೂ ಮಾತ್ರ ಬೇರೆ ಬೇರೆಯಾಗಿಯೇ ಉಳಿದೆವು.

ಇರಲಿ. ಅತ್ತುಕೊಂಡು ಬರೆದರೆ ಶಾಯಿ ಹರಡುತ್ತದೆ. ಈಗ ಗ್ರಾಮಸೇವಿಕೆ ಹೇಳಿದ ಹಾಗೆ ಕೇಳು. ಚಿಗಳಿ ಬೆಳಿಗ್ಗೆ ಒಂದು, ಸಾಯಂಕಾಲ ಒಂದು, ಚೆನ್ನಾಗಿ ಅಗಿದು ತಿನ್ನು. ಸುಮ್ಮನೆ ನುಂಗಿದರೆ ಎಳ್ಳು ಹಾಗೆಯೇ ಹೊರಗೆ ಹೋಗುತ್ತದೆ. ಜೊತೆಗೆ ನಿಮ್ಮ ತೋಟದ ಒಂದು ಕಿತ್ತಳೆ ತಿನ್ನು. ಕಡಲೆಕಾಯಿ ಹುರಿದು ಒಂದು ಹಿಡಿ, ನಿಮ್ಮ ಕಡೆಯ ಥಂಡಿಗೆ ಬೂಸಲು ಹಿಡಿದಿದ್ದರೆ ಒಂದು ಬೀಜವನ್ನೂ ತಿನ್ನಬೇಡ, ಆರಿಸಿ ಎಸೆ. ಗಂಜಿ ಬಿಡಬೇಡ, ಅದರ ಮೇಲೆ ಹುಚ್ಚೆಳ್ಳಿನ ಪುಡಿ ಉದುರಿಸಿಕೋ. ಪುಡಿಯ ಪೊಟ್ಟಣ ಡಬ್ಬಿಯ ತಳದಲ್ಲಿದೆ, ಬಸ್ ಸ್ಟ್ಯಾಂಡಿನಲ್ಲಿ ಬಳಿದದ್ದಲ್ಲ, ಬೇರೆಯದು, ಹೆದರಬೇಡ. ಕಾಲು ಬಾತರೆ, ಕಣ್ಣು ಮಂಜಾದರೆ ಒಂದು ದಿನವೂ ಕಾಯದೆ ಮಡಿಕೇರಿ ಆಸ್ಪತ್ರೆಗೆ ಹೋಗು. ಉಸಿರು ಕಟ್ಟುತ್ತದೆ ಎಂದು ಪದ್ಮಯ್ಯನವರು ಹೇಳಿದ್ದರಿಂದ ಈ ವಾರವೇ ಒಮ್ಮೆ ಹೋಗಿ ರಕ್ತ ತೋರಿಸಿ ಮಾತ್ರೆ ತೆಗೆದುಕೊಂಡು ಬಾ. ಉಂಡೆ ಮಾತ್ರೆಯ ಬದಲಿಗೆ ಅಲ್ಲ, ಮಾತ್ರೆಯ ಜೊತೆಗೆ.

ಅತ್ತೆಗೆ ಬಚ್ಚಿಟ್ಟು ತಿನ್ನಬೇಡ. ಬಚ್ಚಿಟ್ಟದ್ದು ಸಾಕಾಗಿದೆ. ಈ ಕಾಗದವನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳು. ಬೇಕಾದರೆ ಅವರೇ ಸೋಮಿಯ ಮಗಳನ್ನು ನೋಡಲು ಸಿದ್ದಾಪುರಕ್ಕೆ ಬರಲಿ, ತಂಗಮ್ಮನವರ ಪಜ್ಜಿ ತಿನ್ನಲಿ, ನನ್ನ ಮನೆಗೆ ಬರಲು ಇಷ್ಟವಿಲ್ಲದಿದ್ದರೆ ಬೇಡ. ನೀನು ಆರೋಗ್ಯವಾಗಿ ಎರಡು ಜೀವ ಆಗಬೇಕು, ನನಗೆ ಅಷ್ಟೇ ಸಾಕು.

ನಾಣಯ್ಯನವರಿಗೆ ನಮ್ಮಿಬ್ಬರ ನಮಸ್ಕಾರ, ಪೂವಮ್ಮನವರ ಕಾಲಿಗೆ ನನ್ನ ನಮಸ್ಕಾರ. ನಿನ್ನ ಹೊಟ್ಟೆಯಲ್ಲಿರುವುದಕ್ಕೆ ಈ ದೊಡ್ಡಮ್ಮನ ನೂರು ಹರಕೆ. ಕಾವೇರಿ ಅಮ್ಮ ತಾಯಿ ಮಗು ಇಬ್ಬರನ್ನೂ ಕಾಯಲಿ.

ಎಂದೆಂದೂ ನಿನ್ನವಳೇ ಆದ
ವನಜ

ಮರೆತ ಮಾತು: ಮರೆತದ್ದಲ್ಲ, ಬಿಟ್ಟದ್ದು. ಕಾಗದ ಮಡಚಿ ಡಬ್ಬಿಗೆ ಕಟ್ಟಿ ಆಗಿತ್ತು, ದಾರ ಬಿಚ್ಚಿ ಬರೆಯುತ್ತಿದ್ದೇನೆ. ಆ ಸಂಕ್ರಾಂತಿಗೆ ನಿಮ್ಮ ಮನೆಗೆ ಬಂದಾಗ ನನಗೂ ಎರಡು ತಿಂಗಳು ಕಳೆದಿತ್ತು. ಮೂರು ತುಂಬುವವರೆಗೆ ಯಾರಿಗೂ ಹೇಳಬೇಡ ಎಂದು ನಮ್ಮಮ್ಮ ಹೇಳಿದ್ದರು. ನಿನಗೂ ನಿಮ್ಮತ್ತೆ ಅದನ್ನೇ ಹೇಳಿದ್ದಿರಬೇಕು. ಎಳ್ಳು ಬೀರು, ಆದರೆ ನೀನು ಬಾಯಿಗೆ ಹಾಕಬೇಡ ಎಂದೂ ಅಮ್ಮ ಹೇಳಿದ್ದರು, ಹಾಗಾಗಿ ಆ ವರ್ಷ ನಾನು ಒಂದು ಕಾಳೂ ಮುಟ್ಟಲಿಲ್ಲ. ನಿಮ್ಮ ಅಂಗಳದಿಂದ ವಾಪಸು ಬಂದ ಹನ್ನೊಂದನೆಯ ದಿನ ನನ್ನದೂ ಹೋಯಿತು. ನಿನಗೆ ಹೇಳಿ ಅಳಬೇಕಿತ್ತು, ನಿನ್ನನ್ನು ಬಿಟ್ಟರೆ ನನಗೆ ಹೇಳಿಕೊಳ್ಳಲು ಯಾರೂ ಇರಲಿಲ್ಲ. ಹೇಳಿದ್ದರೆ, ತಾನು ಮುಟ್ಟದೆ ನಮ್ಮ ಹುಡುಗಿಗೆ ತಿನ್ನಿಸಿದಳು, ಎಲ್ಲ ಗೊತ್ತಿದ್ದೇ ತಿನ್ನಿಸಿದಳು ಎಂದು ನಿಮ್ಮ ಮನೆಯವರು ಅನ್ನುತ್ತಿದ್ದರು, ನೀನೂ ಅಂದುಬಿಟ್ಟರೆ ಎಂದು ಹೆದರಿ ಆರು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಈಗ ಇದನ್ನೂ ಅತ್ತೆಗೆ ಓದಿ ಹೇಳು. ತಿಂದವಳದೂ ಹೋಯಿತು, ತಿನ್ನದವಳದೂ ಹೋಯಿತು ಎಂದು ಅವರಿಗೆ ತಿಳಿಯಲಿ. ಬೇಕೆಂದೇ ಕೊಟ್ಟಳು ಎಂದುಕೊಂಡರೆ ಎಂದುಕೊಳ್ಳಲಿ, ನಾನು ಬದುಕಿರುವ ತನಕ ಮನೆಯೊಳಗೆ ಕರೆಯದೆ ಇರಲಿ. ನೀನು ಮಾತ್ರ ತಿನ್ನು.